ಬಸ್ಸಿನ ಮುಂದೆಯೂ ನಾಲ್ಕು, ಹಿಂದೆಯೂ ನಾಲ್ಕು

ಪಿಂಕಿಯನ್ನು ಹೆತ್ತವಳು ನಾನು, ಸೂಗಮ್ಮ. ನನ್ನ ಮಗಳ ವಯಸ್ಸೆಷ್ಟು ಎಂದು ನನಗೇ ಹೇಳಿಕೊಡಲು ಬರುತ್ತಾರೆ, ಈ ಊರಿನವರ ಧಿಮಾಕು ನೋಡಿ.

ಪಿಂಕಿ ತುಂಬು ಬಸುರಿ, ಒಂಬತ್ತು ತಿಂಗಳಾಗಿತ್ತು. ಹೆರಿಗೆಗೆ ಹೆಸರು ಬರೆಸಲು ಸೋಮವಾರ ನಾನು ಮತ್ತು ಅಳಿಯ ವೈಭವ ಅವಳನ್ನು ಹೈದರಾಬಾದಿನ ಮೆಹದಿಪಟ್ಟಣದ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಸಿಸ್ಟರ್ ಆಧಾರ್ ಕಾರ್ಡು ನೋಡಿದವಳೇ ಮುಖ ಗಂಟಿಕ್ಕಿದಳು. ಅದರಲ್ಲಿ ಹುಟ್ಟಿದ ವರ್ಷ 2008, ಅಂದರೆ ಹುಡುಗಿಗೆ ಹದಿನೇಳು. ಹದಿನೆಂಟು ತುಂಬದವಳು ಬಸುರಿಯಾದರೆ ಪೊಲೀಸರಿಗೆ ತಿಳಿಸಲೇಬೇಕು, ಗಂಡನ ಮೇಲೆ ಕೇಸಾಗುತ್ತದೆ ಎಂದಳು. ಶುಕ್ರವಾರದೊಳಗೆ ವಯಸ್ಸಿನ ಪುರಾವೆ ತಂದರೆ ಸರಿ, ಇಲ್ಲದಿದ್ದರೆ ತನ್ನ ಕೈಯಲ್ಲೇನೂ ಇಲ್ಲ ಎಂದಳು. ವೈಭವನ ಮುಖ ಬಿಳಿಚಿಕೊಂಡಿತು.

ಪಿಂಕಿ ಹುಟ್ಟಿದ್ದು 2004ರಲ್ಲಿ. ರಾಯಚೂರು ಕಡೆಯ ನಮ್ಮೂರ ಶಾಲೆಯ ಟಿ.ಸಿ.ಯಲ್ಲಿ ಹೆಡ್‌ಮಾಸ್ತರರು ದುಂಡಗೆ ಬರೆದಿದ್ದಾರೆ: ೨೨-೨-೨೦೦೪. ಐದನೇ ಇಯತ್ತೆಗೆ ಅವಳ ಶಾಲೆ ಬಿಡಿಸಿ ಹೈದರಾಬಾದಿಗೆ ಬಂದಾಗ ಅದನ್ನೇ ತೋರಿಸಿ ಆಧಾರ್ ಮಾಡಿಸಿದ್ದೆವು. ಟಿ.ಸಿ. ತೆಗೆದು ಕೊಟ್ಟರೆ ಸಿಸ್ಟರೂ ಅದನ್ನು ಎರಡು ಸಾವಿರದ ಎಂಟು ಎಂದೇ ಓದಿದಳು. ಆಗ ನನಗೆ ಹೊಳೆಯಿತು. ಕನ್ನಡದ ಎರಡು ಹೆಚ್ಚುಕಮ್ಮಿ ಇಂಗ್ಲಿಷಿನದರಂತೆಯೇ ಇರುತ್ತದೆ, ಸೊನ್ನೆಯಂತೂ ಸೊನ್ನೆಯೇ. ನಮ್ಮ ನಾಲ್ಕು ಮಾತ್ರ ಇವರ ಕಣ್ಣಿಗೆ ಎಂಟು.

ಮರುದಿನ ಆಧಾರ್ ಕೇಂದ್ರಕ್ಕೆ ಹೋದೆ. ಜೊತೆಗೆ ಬಾ ಎಂದು ಫೋನು ಮಾಡಿದರೆ ವೈಭವ ಡ್ಯೂಟಿ ಇದೆ ಎಂದ. ಅಲ್ಲಿ ಇನ್ನೂ ಅದೇ ರವಿಕಿರಣ ಕೂತಿದ್ದ, ಅಂದು ನಮ್ಮ ಕಾರ್ಡು ಮಾಡಿಕೊಟ್ಟವನು. ತೆಲುಗಿನವರು ನಾವು ಇಂಗ್ಲಿಷ್ ಅಂಕಿಯನ್ನೇ ಬರೆಯುವುದು, ಇದು ಎಂಟೇ ಎಂದು ಹಟ ಹಿಡಿದ. ಹೆತ್ತವಳು ನಾನು ಹೇಳುತ್ತಿದ್ದೇನೆ ಎಂದರೆ, ಹೆತ್ತವಳ ಮಾತು ದಾಖಲೆಯಲ್ಲ ಎಂದ. ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ಆಡುತ್ತಿದ್ದ ತೆಲುಗು ಮರೆತೇಹೋಯಿತು.

"ನಾಕಪಾ ಅದು. ಓದಾಕ ಬರದಿದ್ರ ಕೇಳಬೇಕಿತ್ತು, ನನ್ನ ಮಗಳ ನಾಕು ವರ್ಷ ನುಂಗಬೇಕಿತ್ತೇನು?"

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

ಬುಧವಾರ ಇಮ್ಲಿಬನ್ ಬಸ್‌ಸ್ಟ್ಯಾಂಡಿಗೆ ಹೋದೆ. ನಮ್ಮ ರಾಯಚೂರು ಬಸ್ಸುಗಳಿಗೆ ಮುಂದೆ ಕನ್ನಡದಲ್ಲಿ ನಂಬರು, ಹಿಂದೆ ಇಂಗ್ಲಿಷಿನಲ್ಲಿ. ನಾಲ್ಕು ಇದ್ದ ಬಸ್ಸು ಸಿಗಲು ಮಧ್ಯಾಹ್ನವಾಯಿತು. ಮುಂದೆ ನಿಂತು ಒಂದು ಫೋಟೊ, ಹಿಂದೆ ಓಡಿ ಇನ್ನೊಂದು ಫೋಟೊ ಹೊಡೆದೆ. ಕಂಡಕ್ಟರ್ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಗುರುವಾರ ರವಿಕಿರಣ ಆ ಎರಡು ಫೋಟೊಗಳನ್ನು ನೋಡಿದ, ಟಿ.ಸಿ. ನೋಡಿದ, ಮತ್ತೆ ಫೋಟೊ ನೋಡಿದ. ಆಮೇಲೆ ತಲೆ ಎತ್ತಲಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಿದ, ಆದರೆ ಕಾರ್ಡು ಬದಲಾಗಲು ತಿಂಗಳಾಗುತ್ತದೆ ಎಂದ. ಹಾಗಾದರೆ ಓದಿದ ತಪ್ಪು ನಿನ್ನದೆಂದು ಬರೆದುಕೊಡು ಎಂದೆ. ಕೆಲಸ ಹೋಗುತ್ತದಮ್ಮ ಎಂದು ಗೋಗರೆದ. ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಬರೆದ, ಸಹಿ ಹಾಕಿದ, ಸಿಕ್ಕೆ ಒತ್ತಿದ.

ಶುಕ್ರವಾರ ಸಿಸ್ಟರ್ ಆ ಪತ್ರವನ್ನು ಒಳಗೆ ದೊಡ್ಡ ಡಾಕ್ಟರಿಗೆ ತೋರಿಸಿ ಬಂದು, ಹದಿನೇಳು ಹೊಡೆದುಹಾಕಿ ಇಪ್ಪತ್ತೊಂದು ಎಂದು ಬರೆದಳು. ಪೊಲೀಸರ ಮಾತು ಮುಗಿಯಿತು. ಗಂಡ ಬಂದು ಸಹಿ ಹಾಕಲಿ ಎಂದಳು.

ಖುಷಿಯಲ್ಲಿ ವೈಭವನಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಅವನ ಕಂಪನಿಗೆ ಹಚ್ಚಿದರೆ, ಮಂಗಳವಾರದಿಂದ ಕೆಲಸಕ್ಕೇ ಬಂದಿಲ್ಲ ಎಂದರು. ಪಿಂಕಿ ಬೆಂಚಿನಿಂದ ನಿಧಾನಕ್ಕೆ ಎದ್ದಳು. ಪೊಲೀಸರ ಮಾತಿಗೆ ಹೆದರಿದವನು ಮೂರು ದಿನದಿಂದ ತಾವಿಬ್ಬರೂ ಇರುವ ಮನೆಗೂ ಬಂದಿಲ್ಲವೆಂದು, ನನ್ನ ಓಡಾಟದ ನಡುವೆ ಹೇಳಲಾಗಲಿಲ್ಲವೆಂದು ಹೇಳಿದಳು. ಸಿಸ್ಟರ್ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಸಹಿ ಹಾಕಿದಳು.

"ನನ್ನ ವಯಸ್ಸೇನೋ ಸರಿ ಮಾಡಿಸಿದಿ ಯವ್ವಾ," ಎಂದಳು. "ಅವನ್ದು ಯಾವ ಆಫೀಸಿನ್ಯಾಗ ಸರಿ ಮಾಡಿಸ್ತಿ?"