ಗುಡಿಸದ ತಾರಸಿ

ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿರಬೇಕು, ಮೊದಲ ಮಳೆಯ ನೀರು ಟ್ಯಾಂಕಿಗೆ ಹೋಗಬಾರದು. ನಗರಸಭೆಯ ನಿಯಮ ಇಷ್ಟೇ. ನಮ್ಮತ್ತೆ ಮಾತ್ರ ಜಪ್ಪಯ್ಯ ಅಂದರೂ ಪೊರಕೆ ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ತಪಾಸಣೆಯವನು ಬಂದು ಏಣಿ ಹತ್ತಿದಾಗ, ಇವತ್ತು ಮರ್ಯಾದೆ ಹೋಯಿತು ಎಂದುಕೊಂಡು ನಾನೂ ಹಿಂದೆಯೇ ಹತ್ತಿದೆ.

ಕೆಂಧೂಳಿನ ಮೇಲೆ ಬರಿಗಾಲಿನ ಗುರುತುಗಳು ಮಳೆಕೊಳವೆಯವರೆಗೆ ಹೋಗಿ ಮರಳಿದ್ದವು. ಎಡಗಾಲು ಎಳೆದು ನಡೆಯುತ್ತಿದ್ದ ಮಾವನವೇ. ಬೇಸಿಗೆಯಲ್ಲಿ ಆ ಕೊಳವೆ ಜೋಡಿಸಿ ಇಳಿದವರು ಅದೇ ವಾರ ತೀರಿಕೊಂಡಿದ್ದರು.

ಅಷ್ಟರಲ್ಲಿ ಹನಿ ಬಿತ್ತು. ಒಂದೊಂದೇ ಹೆಜ್ಜೆಯೊಳಗೆ ನೀರು ತುಂಬುತ್ತಾ, ಯಾರೋ ನಿಧಾನವಾಗಿ ನಡೆದು ಹೋಗುತ್ತಿರುವಂತೆ ಕಂಡಿತು. ಕೆಳಗಿಳಿದರೆ, ಅತ್ತೆ ಕೊಳವೆಯ ಬಾಯಿಗೆ ಬಿಂದಿಗೆ ಹಿಡಿದು ನಿಂತಿದ್ದರು. ಕೆಂಪು ನೀರು ಸದ್ದಿಲ್ಲದೆ ಅದರೊಳಗೆ ಇಳಿಯುತ್ತಿತ್ತು.

"ಇದು ಚರಂಡಿಗೆ ಹೋಗ್ಬೇಕಾದ ನೀರಮ್ಮಾ," ಎಂದ ತಪಾಸಣೆಯವನು.

"ನಮ್ಮನೆಯವರ ಹೆಜ್ಜೆ ಇದೆ ಇದ್ರಲ್ಲಿ. ಚರಂಡಿಗೆ ಹೇಗಪ್ಪಾ ಬಿಡ್ಲಿ?"

ಅವನು ಬಿಂದಿಗೆಯೊಳಗೆ ಬಗ್ಗಿ ನೋಡಿದ. ಆಮೇಲೆ, "ಟ್ಯಾಂಕಿಗೆ ಬಿಡಬಾರ್ದು ಅಂತಷ್ಟೇ ರೂಲ್ಸು," ಎಂದವನೇ, ತುಂಬಿದ ಬಿಂದಿಗೆಯನ್ನು ಪಕ್ಕಕ್ಕಿಟ್ಟು, ಖಾಲಿ ಬಕೆಟ್ಟನ್ನು ತಾನೇ ಕೊಳವೆಗೆ ಹಿಡಿದ.