ಮೋದಿನಸಾಬರ ಕೋಚ್ ಮೇಡಂ

ನರಗುಂದದ ಹತ್ತಿ ಮಿಲ್ಲೊಂದನ್ನು ಪುಣೆಯ ಕಂಪನಿ ಕೊಂಡುಕೊಂಡದ್ದು ಎರಡು ಸಾವಿರದ ಏಳರಲ್ಲಿ. ಆ ವರ್ಷವೇ ಮೋದಿನಸಾಬರು ಮೇಸ್ತ್ರಿಯಿಂದ ಒಮ್ಮೆಲೇ ಮ್ಯಾನೇಜರ್ ಆದರು. ಐವತ್ತನಾಲ್ಕು ವಯಸ್ಸು. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ಯಾವ ಊರ ಹೊಲದ್ದೆಂದು ಹೇಳುವವರು. ಮಿಲ್ಲಿಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವರು. ಕಳೆದ ಹನ್ನೊಂದು ವರ್ಷದಲ್ಲಿ ಈದ್ ಬಿಟ್ಟರೆ ಒಂದು ದಿನವೂ ರಜೆ ಹಾಕಿರಲಿಲ್ಲ.

ಅಂಥವರಿಗೆ ಪುಣೆಯಿಂದ ಒಂದು ಕಾಗದ ಬಂತು. ಹೊಸ ಮ್ಯಾನೇಜರುಗಳಿಗೆಲ್ಲ ಕಂಪನಿ ಒಬ್ಬೊಬ್ಬ ಕೋಚನ್ನು ಗೊತ್ತುಮಾಡಿದೆ, ಹುಬ್ಬಳ್ಳಿಯಿಂದ ಅನ್ನಪೂರ್ಣಾ ಎಂಬವರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಒಟ್ಟು ಆರು ಸಲ ನಿಮ್ಮ ಜೊತೆ ಕೂತು ಮಾತಾಡುತ್ತಾರೆ ಎಂದಿತ್ತು.

"ಕೋಚ್ ಅಂದ್ರ ಕಬಡ್ಡಿ ಕಲಿಸಾವ್ರಲ್ಲೇನ್ರಿ?" ಎಂದು ಹೆಂಡತಿ ಹಸನಬಿ ಕೇಳಿದರು.

"ನನಗ ಕೆಲಸ ಬರೂದಿಲ್ಲಂತ ಕಲಿಸಾಕ ಕಳಸ್ಯಾರ," ಎಂದು ಮೋದಿನಸಾಬರು ಗಂಗಾಳ ಸರಿಸಿ ಎದ್ದರು. ಅಂದು ಎರಡನೆಯ ರೊಟ್ಟಿ ಮುಟ್ಟಲಿಲ್ಲ.

ಅನ್ನಪೂರ್ಣಾ ಬಂದ ದಿನ ಅವರು ಇಸ್ತ್ರಿಯ ಅಂಗಿ ಹಾಕಿಕೊಂಡು, ಯಾವ ಯಂತ್ರದ ಬಗ್ಗೆ ಏನು ಕೇಳಿದರೂ ಹೇಳಲು ತಯಾರಾಗಿ ಕೂತಿದ್ದರು. ಬಂದವರಿಗೆ ಮೂವತ್ತೈದಿರಬಹುದು. ಬಸ್ಸಿನ ಧೂಳು ಕೊಡವಿಕೊಳ್ಳುತ್ತ ಒಳಗೆ ಬಂದು ಕೂತರು.

"ನಾ ಪರೀಕ್ಷಾ ಮಾಡಾಕ ಬಂದಿಲ್ರಿ. ಹತ್ತಿ ಬಗ್ಗೆ ನನಗೇನೂ ಗೊತ್ತಿಲ್ಲ. ಹಿಂಗ ಮಾಡ್ರಿ, ಹಾಂಗ ಮಾಡ್ರಿ ಅಂತ ಹೇಳೂದೂ ನನ್ನ ಕೆಲಸಲ್ಲ. ಕೇಳತೀನಿ, ಅಷ್ಟ. ಇಲ್ಲಿ ನೀವಾಡಿದ ಮಾತು ಪುಣೆಕ್ಕ ಹೋಗೂದಿಲ್ಲ. ಬ್ಯಾಡ ಅನಿಸಿದ್ರ ಯಾವಾಗರ ನಿಲ್ಲಸ್ರಿ."

"ಪಗಾರ ತಗೊಂಡು ಬರೇ ಕೇಳತೀರಿ?"

"ಹೌದ್ರಿ. ಚಹಾ ಕೊಟ್ರ ಚಹಾನೂ ಕುಡೀತೀನಿ," ಎಂದು ಅನ್ನಪೂರ್ಣಾ ನಕ್ಕರು.

ಮೋದಿನಸಾಬರು ನಗಲಿಲ್ಲ. ಆ ಸಲ ಕೇಳಿದ್ದಕ್ಕೆಲ್ಲ "ಹೂಂ", "ಇಲ್ರಿ" ಎಂದಷ್ಟೇ ಹೇಳಿ ಕಳಿಸಿದರು. ಎರಡನೆಯ ಸಲ ಆಕೆ ಅಪ್ಪಣೆ ಕೇಳಿ ಯಂತ್ರಗಳ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಅರ್ಧ ದಿನ ಸುಮ್ಮನೆ ನೋಡುತ್ತ ಕೂತರು. ತಲೆಯ ಮೇಲೆಲ್ಲ ಅರಳೆ ಹಾರಿ ಕೂತಿತ್ತು. ಮಧ್ಯಾಹ್ನ ಒಳಗೆ ಬಂದು ಹೇಳಿದರು:

"ಮುಂಜಾನಿಂದ ಹದಿನಾರು ಸಲ ಮಂದಿ ಕೈಯಾಗಿನ ಕೆಲಸ ನೀವು ತಗೊಂಡ್ರಿ. ತಪ್ಪು ಅನ್ನಾಕತ್ತಿಲ್ರಿ. ನೋಡಿದ್ದು ಹೇಳಿದೆ."

ಮೋದಿನಸಾಬರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಯಾರದೋ ಕೈಯಿಂದ ನಟ್ಟು ಬಿಗಿಯುವ ಪಾನಾ ಕಸಿದುಕೊಳ್ಳಲು ಹೊರಟ ತಮ್ಮ ಕೈ ತಮಗೇ ಕಾಣತೊಡಗಿತು. ನಾಚಿಕೆಯಾಗಿ ಹಿಂದೆಳೆದುಕೊಳ್ಳುವರು. ಅರ್ಧ ತಾಸಿಗೆ ಮತ್ತೆ ಚಾಚುವರು.

ಮೂರನೆಯ ಸಲ ಅನ್ನಪೂರ್ಣಾ ಕೇಳಿದ್ದು ಒಂದೇ ಮಾತು: "ನೀವು ಒಂದ ದಿನ ಬರಲಿಲ್ಲಂದ್ರ ಇಲ್ಲೇನಾಗತೈತ್ರಿ?"

ಮೋದಿನಸಾಬರು ಗೋಡೆಯ ಕಡೆ ತಿರುಗಿದರು. ಗೋಡೆಯಾಚೆ ರೋಲರುಗಳು ಗರಗರ ತಿರುಗುತ್ತಿದ್ದವು. ಆಕೆ ಅವಸರ ಮಾಡಲಿಲ್ಲ. ಕಡೆಗೆ ಅವರೇ ಹೇಳಿದರು. ಹನ್ನೊಂದು ವರ್ಷದ ಹಿಂದೆ ಮಗಳು ಸೈರಾಬಾನುವಿನ ನಿಕಾಹ್ ಗಜೇಂದ್ರಗಡದಲ್ಲಿತ್ತು. ಒಂದು ದಿನ ಮಿಲ್ಲು ಬಿಟ್ಟು ಹೋಗಿದ್ದರು. ಅದೇ ದಿನ ಪರಶಪ್ಪ, ಅವರ ಕೈಯಲ್ಲೇ ಪಳಗಿದ ಎಲ್ಲರಿಗಿಂತ ಜಾಣ ಕೆಲಸಗಾರ, ಯಂತ್ರದಲ್ಲಿ ಸಿಕ್ಕಿಕೊಂಡ ಹತ್ತಿ ಬಿಡಿಸಲು ಹೋಗಿ ಬಲಗೈಯ ಎರಡು ಬೆರಳು ಕಳೆದುಕೊಂಡ. ಸುದ್ದಿ ಬಂದಾಗ ಮೋದಿನಸಾಬರು ಊಟಕ್ಕೆ ಕೂತಿದ್ದರು. ಎದ್ದು, ಮದುವೆಯ ಬಟ್ಟೆಯಲ್ಲೇ ಬಂದು ದವಾಖಾನೆಯ ಬಾಗಿಲಲ್ಲಿ ಕೂತರು.

"ನಾ ಇದ್ದಿದ್ರ ಹಾಂಗ ಆಗತಿದ್ದಿಲ್ರಿ."

ಅನ್ನಪೂರ್ಣಾ "ನಿಮ್ಮ ತಪ್ಪಲ್ಲ" ಎನ್ನಲಿಲ್ಲ. ಅಂದಿದ್ದರೆ ಅವರು ಎದ್ದು ಹೋಗುತ್ತಿದ್ದರೇನೋ.

"ಆಮ್ಯಾಲ ಪರಶಪ್ಪನವ್ರು?"

"ಗೇಟಿನಾಗ ಕುಂದರಿಸೀನ್ರಿ. ಪಗಾರ ಮೊದಲಿನಷ್ಟ. ಖುರ್ಚಿ, ಫ್ಯಾನು, ಎಲ್ಲಾ ಕೊಟ್ಟೀನಿ. ಆರಾಮ ಅದಾನ."

"ಆರಾಮ ಅದೀನಿ ಅಂತ ಅವ್ರು ಅಂದ್ರೇನ್ರಿ?"

ಹೊರಡುವಾಗ ಆಕೆ, ಮುಂದಿನ ಸಲ ಬರುವುದರೊಳಗೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು. "ಅವನ್ನ ಕೇಳತೀನ್ರಿ," ಎಂದರು ಮೋದಿನಸಾಬರು. ಆಕೆ ಹೇಳಿಸಿದ್ದಲ್ಲ, ಅವರ ಬಾಯಿಂದಲೇ ಬಂದದ್ದು.

ಬಂದದ್ದೇನೋ ಬಂತು, ಮಾಡುವುದು ಕಷ್ಟವಾಯಿತು. ಹನ್ನೆರಡು ದಿನ ಗೇಟಿನಲ್ಲಿ ಪರಶಪ್ಪನ ನಮಸ್ಕಾರ ತೆಗೆದುಕೊಂಡು ಮುಂದೆ ಹೋದರು. ಹದಿಮೂರನೆಯ ದಿನ ಸಂಜೆ ಮಿಲ್ಲಿನ ಹಿಂದಿನ ಓಣಿಯ ಅವನ ಮನೆಗೇ ಹೋದರು. ಪರಶಪ್ಪ ಕಟ್ಟೆಯ ಮೇಲೆ ನೆರೆಯವರ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಉಳಿದ ಮೂರು ಬೆರಳಿನಿಂದ ಕಡಲೆಕಾಳಿನಷ್ಟು ತಿರುಪನ್ನು ಎತ್ತಿ ಅದರ ತೂತಿಗೆ ಇಡುತ್ತಿದ್ದ. ಹೆಂಡತಿ ಮಾನವ್ವ ಗಡಬಡಿಸಿ ಕಂಬಳಿ ಹಾಸಿದಳು.

"ಪರಶಪ್ಪಾ, ಗೇಟಿನ ಕೆಲಸ ನಿನಗ ಹ್ಯಾಂಗ ಅನಸ್ತೈತಿ?"

"ಇಷ್ಟ ವರ್ಷ ಆದ ಮ್ಯಾಲ ಕೇಳಾಕತ್ತೀರಿ, ಸಾಬ್ರ?"

"ಹೂಂ. ತಡಾ ಆತು."

ಪರಶಪ್ಪ ತಿರುಪು ಬಿಗಿದು ಕೈ ಒರೆಸಿಕೊಂಡ. "ಖರೇ ಹೇಳತೀನ್ರಿ, ಸಿಟ್ಟಾಗಬ್ಯಾಡ್ರಿ. ಎರಡ ಬಟ್ಟು ಮಶೀನು ತಗೊಂತು. ಕಸಬ ತಗೊಂಡಾವ್ರು ನೀವು. ಗೇಟಿನಾಗ ಕುಂತ್ರೂ ಒಳಗ ಯಾವ ಮಶೀನ ಕೆಟ್ಟೈತಿ ಅಂತ ಸಪ್ಪಳದ ಮ್ಯಾಲ ಗೊತ್ತಾಗತೈತಿ. ಗೇಟ್ ಕಾಯಾವನ ಮಾತು ಯಾರು ಕೇಳತಾರಂತ ಸುಮ್ಮನಿರತೀನಿ."

"ಮನಿಗೆ ಬಂದು ನನ್ನ ಮುಂದ ಹೇಳತಾರ್ರಿ," ಎಂದಳು ಮಾನವ್ವ. "ಮೂರನೇ ಮಶೀನು ಇವತ್ತ ಭಾಳ ನರಳಾಕತ್ತಿತ್ತು ಅಂತ. ಹಡದ ಕೂಸಿನ ಸುದ್ದಿ ಹೇಳಿದಾಂಗ."

ಮೋದಿನಸಾಬರು ಅವನ ಪಕ್ಕಕ್ಕೆ ಸರಿದು ಕೂತರು. "ಆವತ್ತ ನಾ ಇಲ್ಲೇ ಇರಬೇಕಾಗಿತ್ತು."

"ಮಗಳ ಶಾದಿ ಬಿಟ್ಟ? ಮಶೀನ ಬಂದ್ ಮಾಡಲಾರದ ಕೈ ಹಾಕಿದಾಂವ ನಾನು. ನೀವು ಇದ್ರೂ ಹಾಕತಿದ್ನೇನೋ, ಯಾರಿಗೆ ಗೊತ್ತು."

ಆ ಕೈಯನ್ನು ಮೋದಿನಸಾಬರು ಹನ್ನೊಂದು ವರ್ಷ ನೆಟ್ಟಗೆ ನೋಡಿರಲಿಲ್ಲ. ಈಗ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ಕಣ್ಣೀರು ಗಡ್ಡಕ್ಕಿಳಿಯಿತು. ಪರಶಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಮಾನವ್ವ ಚಹಾದ ನೆಪ ಮಾಡಿ ಒಳಗೆ ಹೋದಳು.

ನಾಲ್ಕನೆಯ ಸಲ ಅನ್ನಪೂರ್ಣಾ ಬಂದಾಗ ಮೋದಿನಸಾಬರು, "ಬಾ ತಂಗಿ, ಕುಂದರು," ಎಂದರು. ಆಕೆ ಕೇಳುವ ಮೊದಲೇ ಎಲ್ಲವನ್ನೂ ಹೇಳಿದರು. ಪರಶಪ್ಪನನ್ನು ಮೇಸ್ತ್ರಿ ಮಾಡುವುದೆಂದು ತೀರ್ಮಾನಿಸಿದ್ದರು. ಒಪ್ಪಿಕೊಳ್ಳುವ ಮೊದಲು ಪರಶಪ್ಪ ಒಂದೇ ಕಟ್ಟಳೆ ಹಾಕಿದ್ದ: ಯಂತ್ರ ಪೂರ್ತಿ ನಿಲ್ಲುವವರೆಗೆ ಯಾರೂ ಕೈ ಹಾಕಬಾರದು, ಮ್ಯಾನೇಜರ್ ಸಾಹೇಬರೂ ಸೇರಿದಂತೆ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು ಹತ್ತಿಯ ಮೂಟೆ ಹೊರುವುದಕ್ಕಿಂತ ಭಾರವೆನಿಸುತ್ತಿತ್ತು. ಹೊರಗೆ ಹತ್ತಿಯ ಲಾರಿಗಳು ಸಾಲುಗಟ್ಟಿ ನಿಂತಿದ್ದ ಒಂದು ಮಧ್ಯಾಹ್ನ ಪರಶಪ್ಪ ಮೂರನೆಯ ಯಂತ್ರ ನಿಲ್ಲಿಸಿಬಿಟ್ಟ. ಒದರಲೆಂದು ಮೋದಿನಸಾಬರು ಬಾಯಿ ತೆರೆದವರು, ಹಾಗೇ ಮುಚ್ಚಿಕೊಂಡು ಆಫೀಸಿಗೆ ಹೋಗಿ ಕೂತರು. ಬಿಚ್ಚಿ ನೋಡಿದಾಗ ಬೇರಿಂಗ್ ಸೀಳಿತ್ತು. ತಮಗೆ ಕೇಳಿಸದ ಸಪ್ಪಳ ಅವನಿಗೆ ಕೇಳಿಸಿತ್ತು. ಐದನೆಯ ಸಲ ಇದನ್ನು ಅನ್ನಪೂರ್ಣಾಗೆ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಬಹಳಷ್ಟು ಹೆಮ್ಮೆಯೂ ಇತ್ತು.

ಆರನೆಯದು ಕಡೆಯ ಭೇಟಿ. ಹಸನಬಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು.

"ಇನ್ನ ಬರೂದಿಲ್ಲೇನ ತಂಗಿ?" ಎಂದು ಮೋದಿನಸಾಬರು ಕೇಳಿದರು.

"ಕೆಲಸಕ್ಕ ಬರೂದಿಲ್ರಿ. ರೊಟ್ಟಿ ತಿನ್ನಾಕ ಬರತೀನಿ."

"ಆವತ್ತ ಕೇಳಿದ್ಯಲ್ಲ, ನಾ ಒಂದ ದಿನ ಬರಲಿಲ್ಲಂದ್ರ ಅಂತ. ಬರೂ ಗುರುವಾರ ರಜಾ ಹಾಕೀನಿ."

ಅನ್ನಪೂರ್ಣಾ ನಗುತ್ತ ಎದ್ದರು. ಆಮೇಲೆ ಬಸ್ ನಿಲ್ದಾಣದವರೆಗೂ ಮೋದಿನಸಾಬರು ಬುತ್ತಿಯ ಗಂಟು ತಾವೇ ಹಿಡಿದುಕೊಂಡು ನಡೆದರು.

ಗುರುವಾರ ಗಂಡ ಹೆಂಡತಿ ಗಜೇಂದ್ರಗಡದ ಬಸ್ಸು ಹಿಡಿದರು. ಮದುವೆಯ ದಿನ ಅರ್ಧಕ್ಕೆ ಎದ್ದುಬಂದ ಮೇಲೆ ಈದ್‌ಗೆ ಒಂದು ತಾಸು ಮುಖ ತೋರಿಸಿ ಬರುವುದು ಬಿಟ್ಟರೆ ಮಗಳ ಮನೆಯಲ್ಲಿ ಅವರು ನೆಮ್ಮದಿಯಿಂದ ಕೂತದ್ದೇ ಇರಲಿಲ್ಲ. ಬಾಗಿಲಲ್ಲಿ ಅವರನ್ನು ಕಂಡ ಸೈರಾಬಾನು ಗಾಬರಿಯಾದಳು. "ಅಬ್ಬಾಜಾನ್, ಏನಾತ್ರಿ? ಮಿಲ್ಲು ಬಂದ್ ಆತೇನ?"

"ಮಿಲ್ಲು ನಡದೈತಿ," ಎಂದು ಮೋದಿನಸಾಬರು ಚಪ್ಪಲಿ ಬಿಟ್ಟರು. "ಅಡಗಿ ಏನ ಮಾಡೀ?"

ಊಟವಾದ ಮೇಲೆ ಮೊಮ್ಮಗಳು ಸಿಮ್ರಾನ ಹಾಸಿದ ಚಾಪೆಯ ಮೇಲೆ ಅವರು ಅಡ್ಡಾದರು. ಆಕೆ ಶಾಲೆಯ ಸುದ್ದಿ ಏನೋ ಹೇಳುತ್ತಿದ್ದಳು. ಅದು ಮುಗಿಯುವ ಮೊದಲೇ ಗೊರಕೆ ಶುರುವಾಯಿತು. ಸೈರಾಬಾನು ಬಂದು ಮಗಳಿಗೆ ಸುಮ್ಮನಿರೆಂದು ಸನ್ನೆ ಮಾಡಿ, ಬಿಸಿಲು ಮುಖಕ್ಕೆ ಬೀಳದಂತೆ ಕಿಟಕಿಗೆ ತನ್ನ ದುಪಟ್ಟಾ ಕಟ್ಟಿದಳು.