ಬಾಗಿಲ ಚೌಕಟ್ಟಿನ ಕಚ್ಚು

ಅಕ್ಟೋಬರ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಹುಡುಕಿದರೂ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಬಡಗಿ ಮೇಸ್ತ್ರಿ ಮನೆಯ ಮುಂದಿನ ಕೋಣೆಯಲ್ಲಿ ಹೊಸ ಬಾಗಿಲೊಂದಕ್ಕೆ ಕೀಸುಳಿ ಹಿಡಿದು ನುಣುಪು ಕೊಡುತ್ತಿದ್ದ. ಬೀದಿಯಲ್ಲಿ ಮೈಕು ಕಟ್ಟಿದ ಗಾಡಿ ಹೇಳಿದ್ದನ್ನೇ ಹೇಳುತ್ತಾ ಹೋಯಿತು: ಚಂಡಮಾರುತ ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ದಡ ಮುಟ್ಟಬಹುದು, ತಗ್ಗಿನ ಮನೆಯವರು ಗುಡ್ಡದ ಮೇಲಿನ ಶಾಲೆಗೆ ಹೋಗಬೇಕು.

ಎದುರು ಮನೆಯ ಟೈಲರಮ್ಮ ಆಗಲೇ ಹೊಲಿಗೆ ಮೆಷಿನ್ನಿಗೆ ಪ್ಲಾಸ್ಟಿಕ್ ಸುತ್ತಿ, ಹಗ್ಗ ಕಟ್ಟಿ, ಮಹಡಿಗೆ ಸಾಗಿಸುತ್ತಿದ್ದಳು.

"ಏನ್ ಟೈಲರಮ್ಮಾ, ಮೆಷಿನ್ನನ್ನ ಗಂಡನ ಮನೆಗೆ ಕಳಿಸ್ತಿದ್ದೀರಾ?" ಎಂದು ಮೇಸ್ತ್ರಿ ಕೂಗಿದ. "ಬಿಸಿಲು ನೋಡಿದ್ರೆ ಬಟ್ಟೆ ಅರ್ಧ ಗಂಟೇಲಿ ಒಣಗುತ್ತೆ. ಇವರಿಗೆ ಚಂಡಮಾರುತವಂತೆ!"

"ನಗಿ ನಗಿ. ಹಲ್ಲು ಗಟ್ಟಿ ಇರೋತನಕ ನಕ್ಕುಬಿಡಿ" ಎಂದಳು ಆಕೆ, ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ.

ಮೇಸ್ತ್ರಿ ನಕ್ಕ. ಆದರೆ ಅವನ ನಗುವಿನ ಅಡಿಯಲ್ಲಿ ಒಂದು ಸಿಟ್ಟಿತ್ತು. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಇದೇ ತಿಂಗಳಲ್ಲಿ ಇದೇ ಗಾಡಿ ಬಂದಿತ್ತು. ಆಗ ಅವನು ಹೆದರಿ, ಮೂರು ವರ್ಷದಿಂದ ಲಕ್ವ ಹೊಡೆದು ಮಲಗಿದ್ದ ತಂದೆಯನ್ನು ಎತ್ತಿಸಿಕೊಂಡು ಶಾಲೆಗೆ ಹೋಗಿದ್ದ. ಮುದುಕ ಎರಡು ದಿನ ಬೆಂಚಿನ ಮೇಲೆ ಮಲಗಿದ್ದ. ಗಾಳಿ ದಾರಿ ಬದಲಿಸಿ ಎಲ್ಲೋ ಹೋಯಿತು. ಈ ಬೀದಿಯ ಹಗ್ಗದ ಮೇಲಿನ ಅಂಗಿಯೂ ಅಲುಗಲಿಲ್ಲ. ಉಳಿದದ್ದು ತಂದೆಯ ಬೆನ್ನಿನ ಮೇಲೆ ಅಂಗೈಯಗಲದ ಒಂದು ಹುಣ್ಣು. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು.

"ಇನ್ನು ಸತ್ತರೂ ಅಪ್ಪನ್ನ ಕದಲಿಸಲ್ಲ" ಎಂದು ಅವನು ಅಂದೇ ಹೆಂಡತಿಗೆ ಹೇಳಿಬಿಟ್ಟಿದ್ದ.

ಆ ಹುಣ್ಣಿಗೆ ನಾಲ್ಕು ತಿಂಗಳೂ ದಿನ ಬಿಟ್ಟು ದಿನ ಬಂದು ಔಷಧಿ ಹಚ್ಚಿದವಳು ಪಟ್ಟಿಯಕ್ಕ. ಆಕೆ ಆ ವಾರ್ಡಿನ ಆರೋಗ್ಯ ಕಾರ್ಯಕರ್ತೆ. ಕೈಯಲ್ಲಿ ಸದಾ ಒಂದು ಪಟ್ಟಿ, ಚೀಲದಲ್ಲಿ ಸದಾ ಗಾಯಕ್ಕೆ ಕಟ್ಟುವ ಪಟ್ಟಿ ಇರುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಕೆ ಮೇಸ್ತ್ರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ಬನ್ನಿ ಸಿಸ್ಟರ್. ಟೀ ಕುಡೀರಿ. ಆದ್ರೆ ಶಾಲೆ ವಿಷಯ ಎತ್ತಬೇಡಿ" ಎಂದ ಮೇಸ್ತ್ರಿ, ಕೀಸುಳಿಯಿಂದ ಕಣ್ಣೆತ್ತದೆ.

"ಟೀ ಆಮೇಲೆ. ಶಾಲೆ ವಿಷಯಕ್ಕೇ ಬಂದಿದ್ದು."

"ಗುರುವಾರ ಬರೋ ಗಾಳಿಗೆ ಮಂಗಳವಾರ ಯಾಕ್ರೀ ಇಷ್ಟು ಗಾಬರಿ? ಎಲ್ಲಾದಕ್ಕೂ ಅತಿ ಮಾಡ್ತೀರಪ್ಪ ನೀವು."

ಪಟ್ಟಿಯಕ್ಕ ಬೇಸರಪಡಲಿಲ್ಲ. ನೆಲದ ಮೇಲಿನ ಮರದ ಸಿಪ್ಪೆಯನ್ನು ಸರಿಸಿ, ಸ್ಟೂಲಿನ ಮೇಲೆ ಕೂತು, ಪಟ್ಟಿ ಬಿಡಿಸಿದಳು. "ನೋಡಿ ಮೇಸ್ತ್ರಿ. ಈ ನಾಲ್ಕು ಬೀದಿಯಲ್ಲಿ ತಾವಾಗಿ ನಡೆಯಲಾರದವರು ಹನ್ನೊಂದು ಜನ. ಒಬ್ಬರನ್ನ ಎತ್ತಿ, ವ್ಯಾನಿಗೆ ಹಾಕಿ, ಮೇಲೆ ಇಳಿಸಿ ಬರೋಕೆ ಐವತ್ತು ನಿಮಿಷ. ಹೋದ ವರ್ಷ ಗಡಿಯಾರ ಇಟ್ಕೊಂಡು ನೋಡಿದ್ದೀನಿ. ಒಟ್ಟು ಒಂಬತ್ತು ಗಂಟೆ ಹತ್ತು ನಿಮಿಷ. ವ್ಯಾನು ಒಂದೇ. ಬಿರುಗಾಳಿ ಗುರುವಾರ ಬರುತ್ತೆ, ನಿಜ. ಆದ್ರೆ ಬುಧವಾರ ಸಂಜೆಗೇ ಮಳೆ ಶುರುವಾಗಿ ಕೆಳಗಿನ ರಸ್ತೆ ಮುಚ್ಚಿಹೋಗುತ್ತೆ. ಅಷ್ಟರೊಳಗೆ ಹನ್ನೊಂದನೆಯವರೂ ಮೇಲಿರಬೇಕು. ಒಪ್ಪಿಸೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನ ಮಾತ್ರ ಲೆಕ್ಕ ಹಾಕಿಲ್ಲ. ಅದಕ್ಕೇ ನಿಮ್ಮ ಮನೆಗೇ ಮೊದಲು ಬಂದೆ."

ಒಳಗಿನಿಂದ ಹೆಂಡತಿ ಕಿಸಕ್ಕೆಂದು ನಕ್ಕಳು.

"ನಗಬೇಡ ನೀನು" ಎಂದು ಮೇಸ್ತ್ರಿ ಗದರಿದ. "ಸಿಸ್ಟರ್, ಅಪ್ಪನ ಬೆನ್ನು ನೋಡಿದವರು ನೀವೇ. ಮತ್ತೆ ನೀವೇ ಕೇಳ್ತೀರಾ?"

ಆಕೆ ಪಟ್ಟಿ ಮಡಚಿ ತೊಡೆಯ ಮೇಲಿಟ್ಟಳು. "ಆ ಹುಣ್ಣು ನಮ್ಮ ತಪ್ಪು" ಎಂದಳು ಆಮೇಲೆ. "ಹೋಗಿದ್ದು ತಪ್ಪಲ್ಲ, ಬೆಂಚಿನ ಮೇಲೆ ಮಲಗಿಸಿದ್ದು ತಪ್ಪು. ಈ ಸಲ ಶಾಲೆಯಲ್ಲಿ ಹನ್ನೊಂದು ಹಾಸಿಗೆ ಹಾಕಿಸಿದ್ದೀನಿ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸೋರು ಯಾರು ಅಂತ ಹೆಸರು ಬರೆದು ಗೋಡೆಗೆ ಅಂಟಿಸಿದ್ದೀನಿ. ಹಗಲು ಮೂರು ಪಾಳಿಯಲ್ಲಿ ಎರಡು ನನ್ನವೇ."

ಇಂಥ ಉತ್ತರವನ್ನು ಮೇಸ್ತ್ರಿ ನಿರೀಕ್ಷಿಸಿರಲಿಲ್ಲ. ತಪ್ಪು ಒಪ್ಪಿಕೊಂಡವರ ಜೊತೆ ಜಗಳವಾಡುವುದು ಕಷ್ಟ. ಅವನು ಕೀಸುಳಿ ಕೆಳಗಿಟ್ಟು, "ಬನ್ನಿ, ಒಂದು ತೋರಿಸ್ತೀನಿ" ಎಂದು ತಂದೆಯ ಕೋಣೆಗೆ ಕರೆದುಕೊಂಡು ಹೋದ.

ಕೋಣೆ ಚಿಕ್ಕದು, ಚೊಕ್ಕಟವಾಗಿತ್ತು. ಮಂಚದ ಕಾಲುಗಳ ಕೆಳಗೆ ದಪ್ಪ ಮರದ ದಿಮ್ಮಿಗಳು. ಬಾಗಿಲ ಚೌಕಟ್ಟು ಹಳೆಯ ಕರಿಮರದ್ದು. ಅದರ ಎಡಗಂಬದಲ್ಲಿ ಉಳಿಯಿಂದ ಕೊರೆದ ಒಂದು ಕಚ್ಚು.

"ಅಪ್ಪನಿಗೆ ಎಂಟು ವರ್ಷವಾಗಿದ್ದಾಗ ಬಂದಿತ್ತಲ್ಲ ದೊಡ್ಡ ಚಂಡಮಾರುತ, ಆಗ ನೀರು ನಿಂತದ್ದು ಇಲ್ಲಿಗೆ. ನಮ್ಮಜ್ಜ ಅವತ್ತೇ ಕೊರೆದಿಟ್ಟಿದ್ದು. ನೆಲದಿಂದ ಐವತ್ತೆರಡು ಸೆಂಟಿಮೀಟರ್. ಅದಕ್ಕಿಂತ ದೊಡ್ಡದು ಆಮೇಲೆ ಬಂದಿಲ್ಲ. ಅಪ್ಪನ ಮಂಚ ಎಷ್ಟು ಎತ್ತರ ಗೊತ್ತಾ? ಎಪ್ಪತ್ತೈದು. ಸುಮ್ಮನೆ ಕೂತಿಲ್ಲ ಸಿಸ್ಟರ್, ಅಳೆದು ಮಾಡಿದ್ದೀನಿ."

ಪಟ್ಟಿಯಕ್ಕ ಬಗ್ಗಿ ಕಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಈ ಬೀದಿಯಲ್ಲಿ ಹೀಗೆ ಅಳೆದವರು ನೀವೊಬ್ಬರೇ" ಎಂದಳು. ಅದು ವ್ಯಂಗ್ಯವಲ್ಲ, ಮನಸಾರೆ ಹೇಳಿದ ಮಾತು. ಮೇಸ್ತ್ರಿಯ ಎದೆ ಉಬ್ಬಿತು. ಆಕೆ ಕೇಳಿದಳು: "ಈ ಮನೆ ಕಟ್ಟಿ ಎಷ್ಟು ವರ್ಷವಾಯ್ತು?"

"ಇಪ್ಪತ್ತಾರು."

"ನಿಮ್ಮಪ್ಪನಿಗೆ ಈಗ ವಯಸ್ಸೆಷ್ಟು?"

"ಎಪ್ಪತ್ತೊಂಬತ್ತು."

"ಅಂದ್ರೆ ಕಚ್ಚಿಗೆ ಎಪ್ಪತ್ತೊಂದು."

ಮಂಚದ ಮೇಲಿಂದ ಮುದುಕನ ಎಳೆದೆಳೆದು ಆಡುವ ದನಿ ಬಂತು. "ಮೇಲಿನ ಮನೆ ಬಾಗಿಲು ಕಣೋ ಅದು. ನೀನೇ ಹೊತ್ಕೊಂಡು ಬಂದೆಯಲ್ಲೋ... ಹೆಗಲು ತರಚಿ ಎರಡು ದಿನ ಊಟಕ್ಕೂ ಎದ್ದಿರಲಿಲ್ಲ."

ಮೇಸ್ತ್ರಿಗೆ ಹೆಗಲು ನೆನಪಾಯಿತು. ಬೀದಿಯ ಏರಿನಲ್ಲಿದ್ದ ಅವರ ಹಳೆಯ ಮನೆ ಕೆಡವಿದಾಗ ಒಳ್ಳೆಯ ಮರ ಹಾಳಾಗಬಾರದೆಂದು ಚೌಕಟ್ಟನ್ನು ಅವನೇ ತಂದು ಇಲ್ಲಿ ನಿಲ್ಲಿಸಿದ್ದ. ಅದರ ಜೊತೆ ಕಚ್ಚೂ ಇಳಿದು ಬಂದಿತ್ತು. ನೀರು ನಿಂತ ಜಾಗ ಮಾತ್ರ ಮೇಲೆಯೇ ಉಳಿದಿತ್ತು. ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ ಆ ಬಾಗಿಲು ದಾಟಿದವನಿಗೆ ಅದು ಹೊಳೆದಿರಲಿಲ್ಲ.

"ಅದೇನ್ ಮಹಾ ಎತ್ತರ" ಎಂದ ಅವನು. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ಅಲ್ಲೇ ಮೇಲೆ, ನಾಲ್ಕು ಹೆಜ್ಜೆ."

"ಆ ಮನೆಯ ಹೊಸ್ತಿಲ ಕಲ್ಲು ಇದೆಯಾ ಇನ್ನೂ?"

"ಇದೆ. ಇಸ್ತ್ರಿಯವನು ಅದರ ಮೇಲೆ ಕೂತು ಪೇಪರ್ ಓದ್ತಾನೆ" ಎಂದಳು ಮೇಸ್ತ್ರಿಯ ಹೆಂಡತಿ.

ಪಟ್ಟಿಯಕ್ಕ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಮೊಳೆಗೆ ಪಾರದರ್ಶಕ ಪೈಪೊಂದು ಸುರುಳಿ ಸುತ್ತಿ ನೇತಾಡುತ್ತಿತ್ತು. ಮಟ್ಟ ನೋಡುವ ಪೈಪು. ನೀರು ತುಂಬಿ ಎರಡು ತುದಿಯನ್ನೂ ಎತ್ತಿ ಹಿಡಿದರೆ, ಜಾಗ ಎಷ್ಟೇ ಏರಿಳಿತವಾಗಿರಲಿ, ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. "ಅದು ಯಾರ ಪರವೂ ಅಲ್ಲ ಮೇಸ್ತ್ರಿ. ನಿಮ್ಮದೂ ಅಲ್ಲ, ನಂದೂ ಅಲ್ಲ. ಕೇಳೋಣ ಬನ್ನಿ."

ತಂದೆಯ ಕೋಣೆಯ ನೆಲದಿಂದ ಆ ಹೊಸ್ತಿಲ ಕಲ್ಲಿನವರೆಗೆ ಅಳೆಯಲು ಮೂವರೂ ಹೊರಟರು. ಒಂದು ತುದಿ ಮೇಸ್ತ್ರಿಯ ಕೈಯಲ್ಲಿ, ಇನ್ನೊಂದು ಹೆಂಡತಿಯ ಕೈಯಲ್ಲಿ. ಪ್ರತಿ ಸಲವೂ ಎರಡು ತುದಿಯಲ್ಲಿ ನೆಲದಿಂದ ನೀರಿನವರೆಗೆ ಟೇಪು ಹಿಡಿದು ಪಟ್ಟಿಯಕ್ಕ ಬರೆದುಕೊಂಡಳು. ಪೈಪಿನ ಉದ್ದ ಹತ್ತು ಮೀಟರ್, ಆದ್ದರಿಂದ ಐದು ಸಲ ಹಿಡಿಯಬೇಕಾಯಿತು.

"ಏನ್ ಮೇಸ್ತ್ರೀ, ಗಂಡ ಹೆಂಡತಿ ಹಗ್ಗ ಜಗ್ಗಾಟವಾ?" ಎಂದಳು ಮಹಡಿಯಿಂದ ಟೈಲರಮ್ಮ.

"ತುದಿ ಮೇಲೆ ಹಿಡೀರೀ, ನೀರು ಚೆಲ್ತಿದೆ" ಎಂದು ಹೆಂಡತಿ ಗಂಡನನ್ನೇ ಗದರಿದಳು.

ಹೋಗುವಾಗ ಲೆಕ್ಕ ಕೂಡಿದರೆ ನೂರ ಮೂವತ್ತನಾಲ್ಕು ಸೆಂಟಿಮೀಟರ್ ಏರು. ಪಟ್ಟಿಯಕ್ಕ ಅಷ್ಟಕ್ಕೆ ಬಿಡಲಿಲ್ಲ. ವಾಪಸ್ ಬರುವಾಗಲೂ ಅಳೆಸಿದಳು. ನೂರ ಮೂವತ್ತಮೂರು ಬಂತು. "ಕಡಿಮೆಯದನ್ನೇ ಬರ್ಕೊಳ್ಳೋಣ. ಆಮೇಲೆ ನಾನು ಅತಿ ಮಾಡಿದೆ ಅನ್ನಬಾರದಲ್ಲ."

ಉಳಿದ ಲೆಕ್ಕವನ್ನು ಮೇಸ್ತ್ರಿಯೇ ಹಾಕಿದ. ಮರದ ಸಿಪ್ಪೆ ತುಂಬಿದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹಲಗೆಯ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ. ಏರು ನೂರ ಮೂವತ್ತಮೂರು, ಕಚ್ಚು ಐವತ್ತೆರಡು. ಒಟ್ಟು ನೂರ ಎಂಬತ್ತೈದು. ಎದ್ದು ಹೋಗಿ ತಂದೆಯ ಕೋಣೆಯ ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಎಳೆಯಲು ಕೈ ಎತ್ತಬೇಕಾಯಿತು. ಗೆರೆ ಅವನ ತಲೆಯಿಂದ ಒಂದು ಗೇಣು ಮೇಲಿತ್ತು.

ಆ ದೊಡ್ಡ ಚಂಡಮಾರುತದ ನೀರು ಇನ್ನೊಮ್ಮೆ ಬಂದರೆ ಮಂಚದ ಮೇಲೆ ಒಂದು ಮೀಟರ್ ಹತ್ತು ಸೆಂಟಿಮೀಟರ್ ನಿಲ್ಲುತ್ತದೆ. ಮಂಚದ ಮೇಲೆ ಮಲಗಿದ್ದ ಮುದುಕ ಆ ಗೆರೆಯನ್ನೇ ನೋಡುತ್ತಿದ್ದ. ಮಗನ ಮುಖವನ್ನೂ ನೋಡಿದ.

"ಇದೂ ತಿರುಗಿ ಹೋದ್ರೆ, ಸಿಸ್ಟರ್?" ಎಂದ ಮೇಸ್ತ್ರಿ. ಈಗ ಅದು ವಾದವಾಗಿರಲಿಲ್ಲ. ನಿಜವಾಗಿ ಕೇಳುತ್ತಿದ್ದ.

"ಹೋಗಬಹುದು. ತಿರುಗಲ್ಲ ಅಂತ ನಾನು ಹೇಳಲಾರೆ, ಹವಾಮಾನದವರೂ ಹೇಳಲ್ಲ. ಒಂದು ಮಾತು ಕೇಳ್ತೀನಿ. ಹಲಗೆ ಕೊಯ್ಯುವಾಗ ನೀವು ಗೆರೆಯ ಮೇಲೇ ಕೊಯ್ತೀರಾ?"

"ಯಾರಾದ್ರೂ ಹಾಗೆ ಕೊಯ್ತಾರಾ? ಒಂದು ನೂಲಿನಷ್ಟು ಹೊರಗೆ ಬಿಟ್ಟು ಕೊಯ್ಯಬೇಕು. ಹೆಚ್ಚಾದ್ರೆ ಉಜ್ಜಿ ತೆಗೀಬಹುದು. ಒಳಗೆ ಹೋದ್ರೆ ಮತ್ತೆ ಅಂಟಿಸೋಕಾಗುತ್ತಾ?"

"ಆ ನೂಲಿನಷ್ಟು ಮರ ದಂಡ ಅಂತ ಯಾರಾದ್ರೂ ನಿಮ್ಮನ್ನ ಆಡಿಕೊಂಡಿದ್ದಾರಾ?"

ಮೇಸ್ತ್ರಿ ಮುಂದಿನ ಕೋಣೆಗೆ ಹೋದ. ಬೆಳಿಗ್ಗೆಯಿಂದ ನುಣುಪು ಮಾಡುತ್ತಿದ್ದ ಹೊಸ ಬಾಗಿಲಿನ ಮೇಲೆ ಕೈಯಾಡಿಸಿದ. ಉದ್ದ ಎರಡು ಮೀಟರ್, ಅಗಲ ಎಂಬತ್ತು ಸೆಂಟಿಮೀಟರ್. "ಬೆನ್ನಿಗೆ ಕುಲುಕಾಟ ತಾಗಬಾರದು ಅಷ್ಟೇ ತಾನೆ?" ಎಂದು ನಾಲ್ಕು ಮೂಲೆಗೆ ನಾಲ್ಕು ಹಿಡಿ ಜಡಿದ. ಮೇಲೆ ಹಾಸಿಗೆ ಬಿಗಿದ. ಅಂಚಿಗೆ ಬೆಲ್ಟು ಕಟ್ಟಿದ. ಒಂದು ಗಂಟೆಯೊಳಗೆ ಬಾಗಿಲು ಹೊರುವ ಹಲಗೆಯಾಗಿತ್ತು. ಹೆಂಡತಿ ಮಾವನ ಮಾತ್ರೆ, ವೈದ್ಯರ ಚೀಟಿ, ಕುಡಿಯುವ ನೀರು, ಬಿಡಿ ಬಟ್ಟೆ, ಮನೆಯ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದಳು. ಹನ್ನೆರಡೂವರೆಗೆ ಮುದುಕ ಹೊಸ್ತಿಲು ದಾಟಿದ.

"ಬಾಗಿಲ ಒಳಗಿಂದ ಬರೋದು ಗೊತ್ತಿತ್ತು. ಬಾಗಿಲ ಮೇಲೇ ಮಲಗಿ ಬರೋದು ಇದೇ ಮೊದಲು" ಎಂದ ಅವನು. ಹೊತ್ತಿದ್ದ ಮೇಸ್ತ್ರಿಯೂ ಬೀದಿಯ ಮೂವರು ಹುಡುಗರೂ ನಕ್ಕು, ಹಲಗೆ ಓಲಾಡಿ, ಪಟ್ಟಿಯಕ್ಕ "ನಿಧಾನ, ನಿಧಾನ!" ಎಂದು ಕೂಗಬೇಕಾಯಿತು.

ಮೇಸ್ತ್ರಿ ಶಾಲೆಯಲ್ಲಿ ತಂದೆಯ ಪಕ್ಕ ಕೂರಲಿಲ್ಲ. ಹೆಂಡತಿಯನ್ನು ಅಲ್ಲಿ ಬಿಟ್ಟು, ಹಲಗೆ ಹಿಡಿದು ಕೆಳಗಿಳಿದು ಬಂದ. ಉಳಿದ ಹತ್ತು ಜನವೂ ಅದೇ ಬಾಗಿಲ ಮೇಲೆ ಹೋದರು. ಹತ್ತೂ ಸಲ ಹಲಗೆಯ ಒಂದು ಹಿಡಿ ಅವನ ಕೈಯಲ್ಲೇ ಇತ್ತು. ಒಪ್ಪದವರ ಮನೆಯಲ್ಲಿ ಪಟ್ಟಿಯಕ್ಕನಿಗಿಂತ ಮೊದಲು ಅವನೇ ಬಾಯಿ ತೆರೆಯುತ್ತಿದ್ದ: "ನಿಮಗಿಂತ ಮೊಂಡ ನಾನು. ಕೇಳಿ ಇಲ್ಲಿ." ಆಕೆಯೋ, ಯಾರಿಗೂ ದನಿ ಎತ್ತದೆ, ಯಾರ ಸಿಟ್ಟಿಗೂ ಸಿಟ್ಟಾಗದೆ, ಒಂದೊಂದು ಹೆಸರಿನ ಮುಂದೆ ಹೊತ್ತು ಬರೆದು ಗುರುತು ಹಾಕುತ್ತಾ ಹೋದಳು. ಬುಧವಾರ ಮಧ್ಯಾಹ್ನ ಒಂದೂ ನಲವತ್ತಕ್ಕೆ ಹನ್ನೊಂದನೆಯ ಗುರುತು ಬಿತ್ತು. ಸಂಜೆ ಐದಕ್ಕೆ ಮಳೆ ಶುರುವಾಯಿತು. ಆರಕ್ಕೆ ಕೆಳಗಿನ ರಸ್ತೆ ಮುಚ್ಚಿತು.

ಗುರುವಾರ ಮಧ್ಯಾಹ್ನ ಚಂಡಮಾರುತ ತಿರುಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಮನೆಗೆ ಬಂದಾಗ ಬೀದಿಯ ತುಂಬ ಕೆಸರು, ಹೆಂಚಿನ ಚೂರು. ಅವನ ಕೀಸುಳಿಗಳೆಲ್ಲ ಕೆಸರಿನಲ್ಲಿ ಹೂತಿದ್ದವು. ತಂದೆಯ ಮಂಚ ದಿಮ್ಮಿಗಳಿಂದ ಜಾರಿ ಮೂಲೆಯಲ್ಲಿ ಮಗುಚಿ ಬಿದ್ದಿತ್ತು. ಗೋಡೆಯ ಸುತ್ತಲೂ ನೀರು ನಿಂತ ಕಂದು ಗೆರೆ. ಸೀಮೆಸುಣ್ಣದ ಗೆರೆಗಿಂತ ಬಹಳ ಕೆಳಗೆ, ಆದರೆ ಮಂಚದ ಎತ್ತರಕ್ಕಿಂತ ಮೇಲೆ. ಅವನು ಮಗುಚಿದ ಮಂಚವನ್ನು ಎತ್ತಿ ನಿಲ್ಲಿಸಿದ.

"ಮೇಸ್ತ್ರೀ" ಎಂದು ಎದುರಿನ ಮಹಡಿಯಿಂದ ಟೈಲರಮ್ಮ ಕೂಗಿದಳು. "ನನ್ನ ಮೆಷಿನ್ನು ಗಂಡನ ಮನೆಯಿಂದ ವಾಪಸ್ ಬರ್ತಿದೆ. ಇಳಿಸೋಕೆ ಕೈ ಕೊಡ್ತೀರಾ, ನಗ್ತಾ ನಿಲ್ತೀರಾ?"

"ಬಂದೆ ತಾಯಿ, ಬಂದೆ" ಎಂದ ಅವನು.

ಶಾಲೆಯಲ್ಲಿ ಪಟ್ಟಿಯಕ್ಕ ಮುದುಕನ ಮಗ್ಗುಲು ತಿರುಗಿಸಿ ಬೆನ್ನು ನೋಡಿದಳು. ಚರ್ಮ ಕೆಂಪಾಗಿಯೂ ಇರಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮುನ್ಸೂಚನೆ ಬಂದಾಗ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೊರಡುವವರು ಯಾರು, ಅವರಿಗೆ ಎಷ್ಟು ಹೊತ್ತು ಬೇಕು ಎಂದು ನೋಡಿ, ಅದರಿಂದ ಲೆಕ್ಕ ಶುರು ಮಾಡಿ. ಹಳೆಯ ನೀರಿನ ಗುರುತು ನಿಮ್ಮಲ್ಲಿದ್ದರೆ ಅದು ಯಾವ ನೆಲದಿಂದ ಅಳೆದದ್ದು ಎಂದು ಇವತ್ತೇ, ಬಿಸಿಲಿರುವಾಗಲೇ, ಹಿರಿಯರನ್ನು ಕೇಳಿ. ಮಾತ್ರೆ, ನೀರು, ಕಾಗದಪತ್ರ ಒಂದೇ ಚೀಲದಲ್ಲಿರಲಿ. ಹೊರಟ ಮೇಲೆ ಗಾಳಿ ದಾರಿ ಬದಲಿಸಿದರೆ ಒಣ ಮನೆಗೆ ನಗುತ್ತಾ ವಾಪಸ್ ಬನ್ನಿ. ನೀವು ಅತಿ ಮಾಡಿದಿರಿ ಎಂದು ಯಾರಾದರೂ ಆಡಿಕೊಂಡರೆ, ಒಂದು ನೂಲು ಹೊರಗೆ ಕೊಯ್ದೆವು ಎನ್ನಿ.

ಮೇಸ್ತ್ರಿ ಹೊಸ ಕಚ್ಚು ಕೊರೆದಿದ್ದಾನೆ. ಈ ಸಲ ಬಾಗಿಲ ಚೌಕಟ್ಟಿನಲ್ಲಲ್ಲ, ಗೋಡೆಯ ಕಲ್ಲಿನಲ್ಲಿ. ಕಲ್ಲನ್ನು ಯಾರೂ ಹೆಗಲ ಮೇಲೆ ಹೊತ್ತು ಇನ್ನೊಂದು ಮನೆಗೆ ಒಯ್ಯಲಾರರು. ಅದರ ಪಕ್ಕದಲ್ಲಿ ತಾರೀಖು ಬರೆದು, ಕೆಳಗೆ ಹೀಗೆ ಬರೆದಿದ್ದಾನೆ: ಈ ಮನೆಯ ನೆಲದಿಂದ ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್.